ಬೌಲ್ಟನ್–ವಾಟ್ ಕರಾರುಗಳು: ಇಂಧನದ ಉಳಿತಾಯವೂ ನಷ್ಟದ ಹೊಣೆಯೂ

ಕಾರ್ಖಾನೆಯೊಂದರಲ್ಲಿ ವೆಚ್ಚವಾಗುವ ಇಂಧನವನ್ನು ಕಡಮೆ ಮಾಡಿಕೊಡುವೆವೆಂದು ಹೊರಗಿನವರು ಮುಂದೆ ಬಂದು, ತಮಗೆ ಸಲ್ಲಬೇಕಾದ ಪ್ರತಿಫಲವನ್ನು ಆ ಉಳಿತಾಯದ ಒಂದು ಪಾಲಿನಿಂದಲೇ ಪಡೆಯಲು ಒಪ್ಪುವ ಬಗೆಯ ಕರಾರುಗಳು ಈಗ ಹಲವು ದೇಶಗಳಲ್ಲಿ ಬಳಕೆಯಲ್ಲಿವೆ. ಭಾರತದಲ್ಲಿಯೂ 2001ರ ಇಂಧನ ಸಂರಕ್ಷಣಾ ಅಧಿನಿಯಮವು ಬಂದ ಬಳಿಕ ಇವುಗಳ ಪ್ರಸ್ತಾಪವು ಮೇಲಿಂದ ಮೇಲೆ ಕೇಳಿಬರುತ್ತಿದೆ. ಇಂತಹ ಕರಾರಿನಲ್ಲಿ ನಷ್ಟದ ಸಂಭವ ಎಲ್ಲೆಲ್ಲಿ ಅಡಗಿದೆ, ಅದನ್ನು ಮೊದಲೇ ಅಂದಾಜು ಮಾಡುವುದು ಹೇಗೆ, ಯಾರು ಅದನ್ನು ಹೊರತಕ್ಕದ್ದು ಎಂಬ ಪ್ರಶ್ನೆಗಳನ್ನು ಕುರಿತು ಇಂಜಿನಿಯರುಗಳೂ ಬ್ಯಾಂಕಿನವರೂ ವಕೀಲರೂ ಸಾಕಷ್ಟು ಬರೆದಿದ್ದಾರೆ. ಆದರೆ ಈ ಬರವಣಿಗೆಯ ಬಹುಭಾಗವು ಕರಾರಿನ ಕಲ್ಪನೆಯನ್ನೇ ಇತ್ತೀಚಿನದೆಂದು ಎಣಿಸುವಂತೆ ಕಾಣುತ್ತದೆ. ವಾಸ್ತವವಾಗಿ ಇದಕ್ಕೆ ಸುಮಾರು ಇನ್ನೂರೈವತ್ತು ವರ್ಷಗಳ ಹಿಂದಿನ ನಿದರ್ಶನವೊಂದು ಉಂಟು. ಇಂಗ್ಲೆಂಡಿನ ನೈಋತ್ಯದ ಅಂಚಿನಲ್ಲಿರುವ ಕಾರ್ನ್‌ವಾಲ್ ಪ್ರಾಂತದ ತಾಮ್ರ ಮತ್ತು ತವರದ ಗಣಿಗಳಲ್ಲಿ, 1777ರಿಂದ 1800ರ ವರೆಗೆ, ಮ್ಯಾಥ್ಯೂ ಬೌಲ್ಟನ್ ಮತ್ತು ಜೇಮ್ಸ್ ವಾಟ್ ಎಂಬ ಪಾಲುದಾರರು ನಡೆಸಿದ ವ್ಯವಹಾರವೇ ಅದು. ವಾಟನ ಯಂತ್ರದ ಕಥೆಯನ್ನು ನಮ್ಮ ಶಾಲೆಗಳ ಹುಡುಗರೂ ಬಲ್ಲರು. ಆ ಯಂತ್ರವು ಯಾವ ಷರತ್ತುಗಳ ಮೇಲೆ ಗಣಿಗಳನ್ನು ಪ್ರವೇಶಿಸಿತೆಂಬುದನ್ನು ಬಲ್ಲವರು ವಿರಳ. ಆ ಷರತ್ತುಗಳು ಎಲ್ಲಿ ನಿಂತವು, ಎಲ್ಲಿ ಮುರಿದವು ಎಂಬುದನ್ನು ನಾವು ಇಲ್ಲಿ ಪರಿಶೀಲಿಸಹೊರಟಿದ್ದೇವೆ.

ಕಾರ್ನ್‌ವಾಲಿನ ಗಣಿಗಳಿಗೆ ನೀರೇ ಮೊದಲ ಶತ್ರು. ಅದಿರಿನ ಎಳೆಯನ್ನು ಹಿಂಬಾಲಿಸಿ ಆಳಕ್ಕೆ ಇಳಿದಂತೆಲ್ಲ ಒಸರುವ ನೀರನ್ನು ಹಗಲಿರುಳು ಎತ್ತಿ ಹಾಕದಿದ್ದರೆ ಗಣಿಯು ಮುಳುಗುತ್ತಿತ್ತು. ಥಾಮಸ್ ನ್ಯೂಕಮನನು 1712ರಲ್ಲಿ ಕೆಲಸಕ್ಕೆ ತೊಡಗಿಸಿದ ಉಗಿಯಂತ್ರವು ಈ ಕಾರ್ಯಕ್ಕೆ ಒದಗಿತಾದರೂ ಅದು ಕಲ್ಲಿದ್ದಲನ್ನು ಮಿತಿಯಿಲ್ಲದೆ ನುಂಗುವ ಯಂತ್ರವಾಗಿತ್ತು. ಕಲ್ಲಿದ್ದಲಿನ ಗಣಿಯ ಬಾಯಲ್ಲಿಯೇ ಅದನ್ನು ನಿಲ್ಲಿಸಿದಾಗ ಈ ದೋಷವು ಅಷ್ಟಾಗಿ ಬಾಧಿಸುತ್ತಿರಲಿಲ್ಲ. ಮಾರಲಾಗದ ಪುಡಿ ಇದ್ದಲನ್ನು ಒಲೆಗೆ ಹಾಕಿದರಾಯಿತು. ಕಾರ್ನ್‌ವಾಲಿನಲ್ಲಿಯಾದರೋ ಕಲ್ಲಿದ್ದಲೇ ಇಲ್ಲ. ದಕ್ಷಿಣ ವೇಲ್ಸಿನಿಂದ ಹಡಗಿನಲ್ಲಿ ತಂದು, ಬಂದರಿನಿಂದ ಹೇಸರಗತ್ತೆಗಳ ಬೆನ್ನ ಮೇಲೆ ಗಣಿಗೆ ಸಾಗಿಸಬೇಕಾಗಿತ್ತು. ಆದಕಾರಣ ಅಲ್ಲಿನ ಗಣಿಯ ಲೆಕ್ಕಪುಸ್ತಕದಲ್ಲಿ ಇದ್ದಲಿನ ವೆಚ್ಚವು ಬಹು ದೊಡ್ಡ ಕಲಮಾಗಿತ್ತು. ಇಂಧನದ ಉಳಿತಾಯಕ್ಕೆ ಬೆಲೆ ಕೊಡಬಲ್ಲ ಗಿರಾಕಿ ಇಡೀ ಬ್ರಿಟನ್ನಿನಲ್ಲಿ ಯಾರಾದರೂ ಇದ್ದಿದ್ದರೆ ಅವರು ಕಾರ್ನ್‌ವಾಲಿನ ಗಣಿಯೊಡೆಯರೇ.

ವಾಟನು 1769ರಲ್ಲಿ ಪಡೆದ ಪೇಟೆಂಟಿನ ಸಾರವೆಂದರೆ, ಉಗಿಯನ್ನು ಸಿಲಿಂಡರಿನೊಳಗೇ ತಣಿಸುವುದಕ್ಕೆ ಬದಲಾಗಿ ಬೇರೊಂದು ಪಾತ್ರೆಯಲ್ಲಿ ತಣಿಸುವುದು. ಇದರಿಂದ ಸಿಲಿಂಡರು ಸದಾ ಬಿಸಿಯಾಗಿಯೇ ಉಳಿದು ಉಗಿ ವ್ಯರ್ಥವಾಗುವುದು ತಪ್ಪುತ್ತದೆ. ತತ್ತ್ವವು ಸರಳ, ಅದನ್ನು ಕಬ್ಬಿಣದಲ್ಲಿ ಸಾಧಿಸುವುದು ಸುಲಭವಾಗಿರಲಿಲ್ಲ. ಆ ಕಾಲದ ಅಗ್ರಗಣ್ಯ ಇಂಜಿನಿಯರಾಗಿದ್ದ ಜಾನ್ ಸ್ಮೀಟನನೇ ಅಷ್ಟು ನಯವಾದ ಕೆಲಸವನ್ನು ಮಾಡಬಲ್ಲ ಉಪಕರಣಗಳಾಗಲಿ ಕೆಲಸಗಾರರಾಗಲಿ ಇಲ್ಲವೆಂದು ಸಂದೇಹಪಟ್ಟಿದ್ದನು. ಮೊದಲ ಪಾಲುದಾರನಾದ ಜಾನ್ ರೋಬಕನು ದಿವಾಳಿಯಾದ ಮೇಲೆ ಅವನ ಪಾಲು ಬರ್ಮಿಂಗ್‌ಹ್ಯಾಮಿನ ಬೌಲ್ಟನನಿಗೆ ಬಂದಿತು. 1775ರಲ್ಲಿ ಪಾರ್ಲಿಮೆಂಟು ವಿಶೇಷ ಶಾಸನವೊಂದರ ಮೂಲಕ ಪೇಟೆಂಟಿನ ಅವಧಿಯನ್ನು 1800ರ ವರೆಗೆ ಬೆಳೆಸಿತು. ಜಾನ್ ವಿಲ್ಕಿನ್‌ಸನ್ನನು ಫಿರಂಗಿಗಳನ್ನು ಕೊರೆಯುವುದಕ್ಕಾಗಿ 1774ರಲ್ಲಿ ರೂಪಿಸಿದ ವಿಧಾನದಿಂದ ಸಿಲಿಂಡರುಗಳನ್ನು ನಿಖರವಾಗಿ ಕೊರೆಯುವ ದಾರಿ ದೊರೆಯಿತು. 1776ರಲ್ಲಿ ಬ್ಲೂಮ್‌ಫೀಲ್ಡಿನ ಕಲ್ಲಿದ್ದಲ ಗಣಿಯಲ್ಲಿಯೂ ವಿಲ್ಕಿನ್‌ಸನ್ನನ ಕಬ್ಬಿಣದ ಕುಲುಮೆಯಲ್ಲಿಯೂ ಯಂತ್ರಗಳು ನಡೆಯತೊಡಗಿದವು. ಮರುವರ್ಷ ಕಾರ್ನ್‌ವಾಲಿನ ಚೇಸ್‌ವಾಟರಿನಲ್ಲಿ ಯಂತ್ರವು ನಿಂತು ನೀರನ್ನು ಎತ್ತಿತು. ಯಂತ್ರವೇ ಕೆಲಸ ಮಾಡದೆ ಹೋಗಬಹುದೆಂಬ ನಷ್ಟಸಂಭವವು, ಅಂದರೆ ಹೊರಗಿನವರ ಕಣ್ಣಿಗೆ ಮೊದಲು ಬೀಳುವ ಸಂಭವವು, ಹೀಗೆ ವ್ಯವಹಾರದ ಆರಂಭಕ್ಕೇ ಬಹುಮಟ್ಟಿಗೆ ಕಳೆದುಹೋಗಿತ್ತೆಂಬುದನ್ನು ವಾಚಕರು ಗಮನಿಸಬೇಕು. ಮುಂದಿನ ಇಪ್ಪತ್ತಮೂರು ವರ್ಷಗಳ ಕಲಹಕ್ಕೆ ಯಂತ್ರವು ಕಾರಣವಲ್ಲ.

ಕರಾರಿನ ರೂಪವು ಹೀಗಿತ್ತು. ಯಂತ್ರದ ಭಾಗಗಳನ್ನು ಕೊಳ್ಳುವ, ಕಟ್ಟಡವನ್ನು ಎಬ್ಬಿಸುವ, ಕೂಲಿಯನ್ನು ಕೊಡುವ ವೆಚ್ಚವೆಲ್ಲ ಗಣಿಯವರದು. ನಕ್ಷೆಗಳನ್ನೂ ಕೆಲವು ಸೂಕ್ಷ್ಮ ಭಾಗಗಳನ್ನೂ ಯಂತ್ರವನ್ನು ಜೋಡಿಸಿ ನಿಲ್ಲಿಸುವ ನುರಿತವನನ್ನೂ ಒದಗಿಸುವುದು ಬೌಲ್ಟನ್–ವಾಟರದು. ಪ್ರತಿಯಾಗಿ, ಅದೇ ಕೆಲಸವನ್ನು ಹಳೆಯ ಯಂತ್ರವು ಮಾಡಿದ್ದರೆ ಎಷ್ಟು ಇದ್ದಲು ಸುಡುತ್ತಿತ್ತೋ ಅದಕ್ಕಿಂತ ಕಡಮೆಯಾದಷ್ಟರ ಬೆಲೆಯಲ್ಲಿ ಮೂರನೆಯ ಒಂದು ಪಾಲನ್ನು ಪೇಟೆಂಟಿನ ಅವಧಿ ಮುಗಿಯುವವರೆಗೆ ಅವರಿಗೆ ಸಲ್ಲಿಸತಕ್ಕದ್ದು. ಮಿಕ್ಕ ಎರಡು ಪಾಲು ಗಣಿಗೆ. ಇಂದಿನ ಕರಾರುಗಳಲ್ಲಿ ಅನೇಕ ವೇಳೆ ಯಂತ್ರದ ಬಂಡವಾಳವನ್ನು ಹೊರಗಿನ ಸಂಸ್ಥೆಯೇ ಹೂಡುತ್ತದೆ, ಇಲ್ಲಿ ಹಾಗಿರಲಿಲ್ಲ. ಆದುದರಿಂದ ಕಟ್ಟಡದ ವೆಚ್ಚ ಏರುವ ಭಯ ಗಣಿಯ ಪಾಲಿಗೆ, ಯಂತ್ರವು ಮಾತಿನಂತೆ ನಡೆಯದಿರುವ ಭಯ ಪಾಲುದಾರರ ಪಾಲಿಗೆ ಬಂದಿತ್ತು. ಉಳಿತಾಯವಿಲ್ಲದಿದ್ದರೆ ಅವರಿಗೆ ಬಿಡಿಕಾಸೂ ಇಲ್ಲ. ಹಂಚಿಕೆಯು ಮೇಲುನೋಟಕ್ಕೆ ನ್ಯಾಯವಾಗಿಯೇ ಇದೆ. ಗಣಿಯವರೂ ಮೊದಮೊದಲು ಸಂತೋಷದಿಂದಲೇ ಒಪ್ಪಿದರು.

ತೊಡಕು ಇರುವುದು ‘ಹಳೆಯ ಯಂತ್ರವು ಮಾಡಿದ್ದರೆ’ ಎಂಬ ಮಾತಿನಲ್ಲಿ. ಹೊಸ ಯಂತ್ರವು ಬಂದ ಮೇಲೆ ಹಳೆಯದನ್ನು ಕಳಚಿ ಹಾಕಿಯಾಯಿತು. ಅದು ಈಗ ಎಷ್ಟು ಇದ್ದಲು ಸುಡುತ್ತಿತ್ತೆಂಬುದನ್ನು ಯಾವ ಮಾಪಕವೂ ತೋರಿಸಲಾರದು. ಉಳಿತಾಯವೆಂಬುದು ಕಣ್ಣಿಗೆ ಕಾಣುವ ವಸ್ತುವಲ್ಲ. ಇರುವ ಒಂದು ಅಂಕಿಯನ್ನು ಇಲ್ಲದ ಇನ್ನೊಂದು ಅಂಕಿಯಿಂದ ಕಳೆದಾಗ ಉಳಿಯುವ ಶೇಷ. ಈ ಇಲ್ಲದ ಅಂಕಿಯನ್ನು ನಾವು ಆಧಾರಮಾನವೆಂದು ಕರೆಯೋಣ.

ಆಧಾರಮಾನವನ್ನು ನಿಶ್ಚಯಿಸುವುದಕ್ಕಾಗಿ 1778ರಲ್ಲಿ ಪೋಲ್ಡೈಸ್ ಗಣಿಯಲ್ಲಿದ್ದ ಎರಡು ನ್ಯೂಕಮನ್ ಯಂತ್ರಗಳನ್ನು ಪರೀಕ್ಷಿಸಲಾಯಿತು. ಒಂದು ಬುಷೆಲ್ ಕಲ್ಲಿದ್ದಲನ್ನು ಸುಟ್ಟು ಎಷ್ಟು ಪೌಂಡು ನೀರನ್ನು ಒಂದು ಅಡಿ ಎತ್ತರಕ್ಕೆ ಎತ್ತಬಹುದೋ ಅದಕ್ಕೆ ಅಲ್ಲಿನ ಜನ ‘ಡ್ಯೂಟಿ’ ಎನ್ನುತ್ತಿದ್ದರು. ಯಂತ್ರದ ‘ದುಡಿಮೆ’ ಎಂದು ನಾವು ಹೇಳಬಹುದು. ಪೋಲ್ಡೈಸಿನ ಯಂತ್ರಗಳ ಸರಾಸರಿ ದುಡಿಮೆ ಸುಮಾರು 70 ಲಕ್ಷವೆಂದು ಕಂಡುಬಂದಿತು. ಇದನ್ನೇ ಮಾನವೆಂದು ಇಟ್ಟುಕೊಂಡು ಲೆಕ್ಕವು ನಡೆಯಿತು.

ಲೆಕ್ಕದ ಬಗೆಯನ್ನು ಒಂದು ಕಲ್ಪಿತ ಉದಾಹರಣೆಯಿಂದ ವಿಶದಪಡಿಸಬಹುದು. ಹೊಸ ಯಂತ್ರದ ದುಡಿಮೆ 210 ಲಕ್ಷವೆಂದು ಇಟ್ಟುಕೊಳ್ಳೋಣ. ಹಳೆಯ ಯಂತ್ರಕ್ಕೆ 300 ಬುಷೆಲ್ ಬೇಕಾಗುತ್ತಿದ್ದ ಕೆಲಸವನ್ನು ಇದು 100 ಬುಷೆಲಿನಲ್ಲಿ ಮಾಡುತ್ತದೆ. ಉಳಿತಾಯ 200 ಬುಷೆಲ್. ಅದರಲ್ಲಿ ಸುಮಾರು 67 ಬುಷೆಲಿನ ಬೆಲೆ ಪಾಲುದಾರರಿಗೆ ಸಲ್ಲುತ್ತದೆ. ಆದರೆ ಹಳೆಯ ಯಂತ್ರಗಳೆಲ್ಲ ಒಂದೇ ಬಗೆಯವಲ್ಲ. ಸ್ಮೀಟನನು 1770ರ ದಶಕದ ಆದಿಯಲ್ಲಿ ನ್ಯೂಕಮನ್ ಯಂತ್ರದ ಒಂದೊಂದು ಅಂಗವನ್ನೂ ತಿದ್ದಿ ಅದರ ದುಡಿಮೆಯನ್ನು ಸುಮಾರು 95 ಲಕ್ಷದವರೆಗೆ ಏರಿಸಿದ್ದನು. ಆ ಯಂತ್ರವನ್ನು ಮಾನವಾಗಿ ಹಿಡಿದಿದ್ದರೆ ಅದೇ ಕೆಲಸಕ್ಕೆ ಹಳೆಯ ಯಂತ್ರವು 221 ಬುಷೆಲ್ ಮಾತ್ರ ಸುಡುತ್ತಿತ್ತು. ಪಾಲುದಾರರಿಗೆ ಬರತಕ್ಕದ್ದು 67ರಿಂದ 40ಕ್ಕೆ ಇಳಿಯುತ್ತಿತ್ತು. ಹೊಸ ಯಂತ್ರದ ಒಂದು ತಿರುಪೂ ಬದಲಾಗದೆ, ಹೋಲಿಕೆಗೆ ಯಾವುದನ್ನು ಆರಿಸಿದೆವೆಂಬುದರಿಂದಲೇ ಪ್ರತಿಫಲವು ಐದನೆಯ ಎರಡು ಪಾಲಿನಷ್ಟು ಕುಗ್ಗುವ ಈ ವಿಚಿತ್ರವು ಇಂತಹ ಕರಾರುಗಳ ಹುಟ್ಟುಗುಣ. ಸಾಮಾನ್ಯವಾಗಿ ಬಳಕೆಯಲ್ಲಿದ್ದ ಯಂತ್ರವನ್ನು ಮಾನವಾಗಿ ಹಿಡಿದುದು ಸರಿಯೆಂದೇ ನಮ್ಮ ಅಭಿಮತ. ಗಣಿಯವರು ನಿಜವಾಗಿ ಬಳಸುತ್ತಿದ್ದುದು ಅಂತಹವನ್ನೇ. ಆದರೂ ಅವರಲ್ಲಿ ಕೆಲವರ ಮನಸ್ಸಿನಲ್ಲಿ, ತಾವು ಸ್ಮೀಟನನ ಸುಧಾರಣೆಗಳನ್ನಾದರೂ ಮಾಡಿಕೊಂಡು ಸುಮ್ಮನಿರಬಹುದಾಗಿತ್ತಲ್ಲವೆ ಎಂಬ ಕೊರಗು ಉಳಿದಿದ್ದರೆ ಆಶ್ಚರ್ಯವಿಲ್ಲ.

ಮಾಡಿದ ಕೆಲಸವನ್ನು ಅಳೆಯುವುದಕ್ಕೆ ವಾಟನು ಒಂದು ಎಣಿಕೆಯ ಪೆಟ್ಟಿಗೆಯನ್ನು ನಿರ್ಮಿಸಿದನು. ಯಂತ್ರದ ದೊಡ್ಡ ತೊಲೆಗೆ ಅದನ್ನು ಕೂಡಿಸಿದರೆ ತೊಲೆಯು ತೂಗಿದಂತೆಲ್ಲ ಒಂದೊಂದು ಹೊಡೆತವೂ ಎಣಿಕೆಗೆ ಬರುತ್ತಿತ್ತು. ಪೆಟ್ಟಿಗೆಗೆ ಬೀಗ, ಬೀಗದ ಕೈ ಪಾಲುದಾರರ ಕಡೆಯವರಲ್ಲಿ. ಯಂತ್ರಗಳ ಮೇಲ್ವಿಚಾರಣೆಗೆ ವಿಲಿಯಂ ಮರ್ಡಾಕನು ರೆಡ್ರೂತ್ ಪಟ್ಟಣದಲ್ಲಿ ನೆಲೆಸಿದನು. ಹಣದ ವಸೂಲಿ, ಪತ್ರವ್ಯವಹಾರಗಳನ್ನು ಥಾಮಸ್ ವಿಲ್ಸನ್ನನು ನೋಡಿಕೊಂಡನು. ಇಂದು ‘ಅಳತೆ ಮತ್ತು ತಾಳೆ’ ಎಂದು ಯಾವುದನ್ನು ಕರೆಯುತ್ತಾರೋ, ಯಾವುದಕ್ಕಾಗಿ 1990ರ ದಶಕದಲ್ಲಿ ಅಂತರರಾಷ್ಟ್ರೀಯ ಕ್ರಮಾವಳಿಯೊಂದು ಸಿದ್ಧವಾಯಿತೋ, ಅದರ ಬೀಜವನ್ನು ಈ ಬೀಗ ಹಾಕಿದ ಪೆಟ್ಟಿಗೆಯಲ್ಲಿ ಕಾಣಬಹುದು. ಆದರೆ ಪೆಟ್ಟಿಗೆಯು ಹೊಡೆತಗಳನ್ನು ಎಣಿಸುತ್ತಿತ್ತೇ ಹೊರತು ಪ್ರತಿ ಹೊಡೆತದಲ್ಲಿ ಪಂಪು ತುಂಬಿ ಬಂದಿತೆ, ಅರ್ಧವೇ ಬಂದಿತೆ ಎಂಬುದನ್ನು ಅದು ಅರಿಯದು. ಇದ್ದಲಿನ ಅಳತೆಯೂ ನೆಟ್ಟಗಿರಲಿಲ್ಲ. ಬುಷೆಲ್ ಎಂಬುದು ನಮ್ಮ ಕೊಳಗದಂತೆ ತುಂಬಿ ಅಳೆಯುವ ಮಾನ. ಒಂದೊಂದು ಸೀಮೆಯಲ್ಲಿ ಒಂದೊಂದು ತೂಕ ತೂಗುವಂತಹದು. ಒದ್ದೆಯಾದ ಇದ್ದಲಿನ ಬುಷೆಲ್ ಬೇರೆ, ಒಣಗಿದುದರ ಬುಷೆಲ್ ಬೇರೆ. ಹಳ್ಳಿಯ ಕಣದಲ್ಲಿ ಕೊಳಗವನ್ನು ಕುಲುಕಿ ಅಳೆಯಬೇಕೆ, ಮೆಲ್ಲನೆ ಸುರಿದು ಅಳೆಯಬೇಕೆ ಎಂದು ಜಗಳವಾಡುವುದನ್ನು ಕಂಡವರಿಗೆ ಕಾರ್ನ್‌ವಾಲಿನ ಈ ವಿವಾದಗಳನ್ನು ವಿವರಿಸಬೇಕಾಗಿಲ್ಲ.

ಮತ್ತೊಂದು ನಷ್ಟಸಂಭವವು ಒಲೆಯ ಮುಂದೆ ನಿಂತವನ ಕೈಯಲ್ಲಿತ್ತು. ಯಂತ್ರದ ಒಡೆತನವೂ ನಿತ್ಯದ ನಿರ್ವಹಣೆಯೂ ಗಣಿಯದೇ. ಬೆಂಕಿಯನ್ನು ಅಡ್ಡಾದಿಡ್ಡಿಯಾಗಿ ಹಾಕಿದರೂ, ಉಗಿ ಸೋರಿದರೂ ಉಳಿತಾಯವು ಕುಗ್ಗಿ ಅದರೊಡನೆ ವಾಟನ ಪಾಲೂ ಕುಗ್ಗುತ್ತಿತ್ತು. ಆದರೆ ಆ ಕೆಲಸಗಾರನನ್ನು ನೇಮಿಸುವ, ತೆಗೆಯುವ ಅಧಿಕಾರ ವಾಟನಿಗಿರಲಿಲ್ಲ. 1779ರಲ್ಲಿ ಪಾಲುದಾರರು ಯಂತ್ರವನ್ನು ನಿಲ್ಲಿಸುವ ಮತ್ತು ನಡೆಸುವ ಕ್ರಮವನ್ನು ತಿಳಿಸುವ ಸೂಚನೆಗಳನ್ನು ಅಚ್ಚು ಹಾಕಿಸಿದುದು ಈ ಕೊರತೆಯನ್ನು ತುಂಬುವ ಒಂದು ಪ್ರಯತ್ನ. ಹೊಣೆ ಒಬ್ಬನದು, ಹಿಡಿತ ಇನ್ನೊಬ್ಬನದು ಎಂಬ ಸ್ಥಿತಿಯನ್ನು ಅಚ್ಚಿನ ಹಾಳೆಗಳು ಎಷ್ಟರಮಟ್ಟಿಗೆ ಸರಿಪಡಿಸಬಲ್ಲವೆಂಬುದು ಬೇರೆ ಮಾತು.

ಇವೆಲ್ಲಕ್ಕಿಂತ ಆಳವಾದುದು, ಅಕ್ಷರಶಃ ಆಳವಾದುದು, ಇನ್ನೊಂದು ಪ್ರಶ್ನೆ. ಹೊಸ ಯಂತ್ರದಿಂದ ನೀರೆತ್ತುವುದು ಅಗ್ಗವಾದಾಗ ಗಣಿಯವರು ಮೊದಲು ತಲಪಲಾಗದಿದ್ದ ಆಳಕ್ಕೆ ಇಳಿದರು. ಆಳ ಹೆಚ್ಚಿದಂತೆ ಯಂತ್ರದ ಕೆಲಸ ಹೆಚ್ಚಿತು. ಕೆಲಸ ಹೆಚ್ಚಿದಂತೆ ಲೆಕ್ಕದಲ್ಲಿ ‘ಉಳಿತಾಯ’ ಹೆಚ್ಚಿತು. ಅದರ ಮೂರನೆಯ ಒಂದು ಪಾಲೂ ಹೆಚ್ಚಿತು. ಆದರೆ ಆ ಆಳದಲ್ಲಿ ಹಳೆಯ ಯಂತ್ರವು ಕೆಲಸ ಮಾಡುತ್ತಲೇ ಇರಲಿಲ್ಲ. ಅದಕ್ಕೆ ಬೇಕಾಗುವ ಇದ್ದಲಿನ ಬೆಲೆಯನ್ನು ಯಾವ ಗಣಿಯೂ ತೆರುತ್ತಿರಲಿಲ್ಲ. ಹಾಗಾದರೆ ಎಂದೂ ಸುಡದಿರುತ್ತಿದ್ದ ಇದ್ದಲನ್ನು ಉಳಿಸಿದೆವೆಂದು ಹಣ ಕೇಳುವುದು ಹೇಗೆ? ಗಣಿಯವರ ದೃಷ್ಟಿಯಲ್ಲಿ ಇದು ತಮ್ಮ ಸಾಹಸದ ಮೇಲೆ ಹೇರಿದ ಸುಂಕ. ವಾಟನ ದೃಷ್ಟಿಯಲ್ಲಿ, ತನ್ನ ಯಂತ್ರವಿಲ್ಲದಿದ್ದರೆ ಆ ಅದಿರೇ ಮೇಲಕ್ಕೆ ಬರುತ್ತಿರಲಿಲ್ಲವಾದುದರಿಂದ ಕೇಳಿದುದು ಕಡಮೆಯೇ. ಇಬ್ಬರ ಮಾತಿನಲ್ಲಿಯೂ ಸತ್ಯವಿದೆ. ಕರಾರು ಬರೆದ ದಿನ ಗಣಿಯು ಹೇಗಿತ್ತೋ ಹಾಗೆಯೇ ಇರುವುದೆಂದು ಇಬ್ಬರೂ ಭಾವಿಸಿದ್ದರು. ಕರಾರಿನ ಫಲವಾಗಿಯೇ ಗಣಿಯು ಬದಲಾಯಿತು. ಇಂದಿನ ಕರಾರುಗಳಲ್ಲಿ ಉತ್ಪಾದನೆಯ ಪ್ರಮಾಣವು ಬದಲಾದಾಗ ಆಧಾರಮಾನವನ್ನು ಹೇಗೆ ತಿದ್ದಬೇಕೆಂಬುದಕ್ಕೆ ಪುಟಗಟ್ಟಲೆ ಷರತ್ತುಗಳಿರುವುದು ಈ ಕಾರಣದಿಂದಲೇ.

ಲೆಕ್ಕದ ಜಗಳಗಳಿಂದ ಬೇಸತ್ತು ಹಲವು ಗಣಿಗಳಲ್ಲಿ ಮೂರನೆಯ ಪಾಲಿನ ಬದಲು ವರ್ಷಕ್ಕೆ ಇಷ್ಟೆಂದು ನಿಗದಿಯಾದ ಮೊತ್ತವನ್ನು ಕೊಡುವ ಏರ್ಪಾಡಾಯಿತು. ಎಣಿಸುವ, ತೂಗುವ, ತಾಳೆ ನೋಡುವ ತೊಂದರೆ ಇದರಿಂದ ತಪ್ಪಿತು. ಆದರೆ ನಷ್ಟಸಂಭವವು ತಪ್ಪಿತೆ? ಅದು ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ಜಾರಿತು, ಅಷ್ಟೆ. ಉಳಿತಾಯವಿದ್ದರೆ ಮಾತ್ರ ಹಣವೆಂಬ ಮೊದಲಿನ ಕರಾರಿನಲ್ಲಿ ಯಂತ್ರದ ಕೆಲಸ ಕಡಮೆಯಾದಾಗ ಗಣಿಯ ಬಾಕಿಯೂ ಕಡಮೆಯಾಗುತ್ತಿತ್ತು. ನಿಗದಿಯಾದ ಮೊತ್ತವಾದರೋ ಸುಭಿಕ್ಷದಲ್ಲಿಯೂ ದುರ್ಭಿಕ್ಷದಲ್ಲಿಯೂ ಒಂದೇ.

ದುರ್ಭಿಕ್ಷವು ಬಂದುದು ಯಾರೂ ನಿರೀಕ್ಷಿಸದ ದಿಕ್ಕಿನಿಂದ. ವೇಲ್ಸಿನ ಆಂಗ್ಲ್‌ಸೀ ದ್ವೀಪದಲ್ಲಿ ಪಾರಿಸ್ ಎಂಬ ಬೆಟ್ಟವಿದೆ (ಫ್ರಾನ್ಸಿನ ರಾಜಧಾನಿಗೂ ಇದಕ್ಕೂ ಸಂಬಂಧವಿಲ್ಲ). 1768ರಲ್ಲಿ ಅಲ್ಲಿ ತಾಮ್ರದ ಭಾರಿ ನಿಕ್ಷೇಪವು ಪತ್ತೆಯಾಯಿತು. ಅದಿರು ನೆಲದ ಮೇಲ್ಭಾಗದಲ್ಲಿಯೇ ಇದ್ದುದರಿಂದ ಅದನ್ನು ತೆರೆದ ಗುಂಡಿಯಲ್ಲಿ ಅಗೆದು ತೆಗೆದರಾಯಿತು. ಆಳದ ನೀರಿನೊಡನೆ ಹೋರಾಡುವ ಕಷ್ಟ ಕಾರ್ನ್‌ವಾಲಿನಷ್ಟು ಅಲ್ಲಿರಲಿಲ್ಲ. ಥಾಮಸ್ ವಿಲಿಯಮ್ಸ್ ಎಂಬ ಚತುರ ವಕೀಲನ ಕೈಯಲ್ಲಿ ಈ ತಾಮ್ರವು ಪೇಟೆಯನ್ನು ತುಂಬಿ ಬೆಲೆಯನ್ನು ಇಳಿಸಿತು. ಕಾರ್ನ್‌ವಾಲಿನ ಗಣಿಗಳು ಈ ಹೊಡೆತವನ್ನು ತಾಳಿಕೊಳ್ಳುವಂತಹ ಸ್ಥಿತಿಯಲ್ಲಿರಲಿಲ್ಲ. ಅವು ಪಾಲುಗಾರರ ಕೂಟಗಳಾಗಿದ್ದವು. ಕೆಲವು ತಿಂಗಳಿಗೊಮ್ಮೆ ಸಭೆ ಸೇರಿ ಲಾಭವಿದ್ದರೆ ಹಂಚಿಕೊಳ್ಳುವುದು, ನಷ್ಟವಿದ್ದರೆ ತಲೆಗಿಷ್ಟೆಂದು ಕೈಯಿಂದ ಹಾಕುವುದು ಅಲ್ಲಿನ ರೂಢಿ. ಆಪತ್ಕಾಲಕ್ಕೆಂದು ನಿಧಿಯನ್ನು ಕೂಡಿಡುವ ಪದ್ಧತಿಯಿಲ್ಲ. ಹಣ ಹಾಕುವ ಸರದಿ ಬಂದಾಗ ಪಾಲುಗಾರರ ಕಣ್ಣು ಮೊದಲು ಬೀಳುತ್ತಿದ್ದುದು ದೂರದ ಬರ್ಮಿಂಗ್‌ಹ್ಯಾಮಿಗೆ ಹೋಗುವ ಕಾಣಿಕೆಯ ಮೇಲೆ. ಯಂತ್ರವಾಗಲೇ ನಿಂತಿದೆ, ನಡೆಯುತ್ತಿದೆ; ಹಳೆಯ ಯಂತ್ರವು ಸುಡುತ್ತಿದ್ದ ಇದ್ದಲಿನ ರಾಶಿಯನ್ನು ಜನ ಮರೆತಿದ್ದಾರೆ. ಮರೆತುಹೋದ ವೆಚ್ಚದ ಮೂರನೆಯ ಒಂದು ಪಾಲನ್ನು ಪ್ರತಿ ಸಭೆಯಲ್ಲಿಯೂ ಹೊಸದಾಗಿ ತೆರುವುದು ಯಾರಿಗೂ ಪ್ರಿಯವಲ್ಲ. ಗಣಿಗಳು ವಿನಾಯಿತಿ ಬೇಡಿದವು. ಪಾಲುದಾರರು ಹಲವೆಡೆ ಕೊಡಬೇಕಾಯಿತು. ಡಾಲ್‌ಕೋತಿನಂತಹ ದೊಡ್ಡ ಗಣಿಯೇ 1780ರ ದಶಕದ ಕೊನೆಗೆ ಮುಚ್ಚಿ, 1799ರ ತನಕ ತೆರೆಯಲಿಲ್ಲ. ಅದರೊಡನೆ ಕೂಲಿ ಕಳೆದುಕೊಂಡವರ ಪಾಲಿಗೆ ಕರಾರಿನ ಸೂಕ್ಷ್ಮಗಳೆಲ್ಲ ಒಂದೇ ಆಗಿದ್ದವು.

ಇಲ್ಲಿ ಬೌಲ್ಟನನು ಹಿಡಿದ ದಾರಿ ಗಮನಾರ್ಹವಾದುದು. ಅವನೂ ವಾಟನೂ ಗಣಿಗಳಲ್ಲಿ ತಾವೇ ಪಾಲುಗಳನ್ನು ಕೊಂಡರು. ಗಣಿಯ ಸಭೆಯಲ್ಲಿ ಕುಳಿತು ಮಾತನಾಡುವ ಹಕ್ಕು, ಲೆಕ್ಕಪುಸ್ತಕವನ್ನು ನೋಡುವ ಹಕ್ಕು ಇದರಿಂದ ದೊರೆಯಿತು. ಯಂತ್ರವನ್ನು ಮುಚ್ಚದಂತೆ ನೋಡಿಕೊಳ್ಳಲೂ ಅನುಕೂಲವಾಯಿತು. 1785ರಲ್ಲಿ ತಾಮ್ರದ ಬೆಲೆಯನ್ನು ಹಿಡಿದು ನಿಲ್ಲಿಸುವ ಉದ್ದೇಶದಿಂದ ಸ್ಥಾಪಿತವಾದ ಕಾರ್ನಿಷ್ ಮೆಟಲ್ ಕಂಪನಿಯ ಏರ್ಪಾಡಿನಲ್ಲಿಯೂ ಬೌಲ್ಟನನು ಕೈಜೋಡಿಸಿದನು. ಆ ಕಂಪನಿಯು 1792ರ ಹೊತ್ತಿಗೆ ಕೊನೆಗೊಂಡಿತು. ಇದನ್ನು ಚಾತುರ್ಯವೆಂದು ಹೊಗಳುವ ಲೇಖಕರಿದ್ದಾರೆ. ನಮಗೆ ಹಾಗೆ ತೋರುವುದಿಲ್ಲ. ಇಂಧನದ ಉಳಿತಾಯದಲ್ಲಿ ಪಾಲು ಪಡೆಯುವವನು ತಾಮ್ರದ ಬೆಲೆಯ ಏರಿಳಿತಕ್ಕೆ ಹೇಗೂ ಅರ್ಧ ಗುರಿಯಾಗಿರುತ್ತಾನೆ. ಗಣಿಯ ಪಾಲುಗಾರನೂ ಆದಾಗ ಪೂರ್ತಿ ಗುರಿಯಾಗುತ್ತಾನೆ. ಬೆಲೆ ಇಳಿದರೆ ಕಾಣಿಕೆಯೂ ನಿಲ್ಲುತ್ತದೆ, ಪಾಲಿನ ಬೆಲೆಯೂ ಬೀಳುತ್ತದೆ. ಸಾಲದ ವಿಷಯದಲ್ಲಿ ಸದಾ ಅಂಜುತ್ತಿದ್ದ ವಾಟನು ಈ ವ್ಯವಹಾರಗಳನ್ನು ಕಂಡು ಕಳವಳಪಟ್ಟುದು ಸಕಾರಣವೇ ಆಗಿತ್ತು.

ಇನ್ನು ನ್ಯಾಯಾಲಯದ ಕಥೆ. ಕಾಣಿಕೆಯ ಹಕ್ಕೆಲ್ಲವೂ ನಿಂತಿದ್ದುದು ಒಂದು ಪೇಟೆಂಟಿನ ಮೇಲೆ. ಜೊನಾಥನ್ ಹಾರ್ನ್‌ಬ್ಲೋವರನು 1781ರಲ್ಲಿ ಎರಡು ಸಿಲಿಂಡರುಗಳ ಯಂತ್ರಕ್ಕೆ ಪೇಟೆಂಟು ಪಡೆದನು. ಅದರ ಅವಧಿಯನ್ನು ಬೆಳೆಸಬೇಕೆಂದು ಅವನು 1792ರಲ್ಲಿ ಪಾರ್ಲಿಮೆಂಟನ್ನು ಕೇಳಿಕೊಂಡಾಗ ಬೌಲ್ಟನ್–ವಾಟರು ವಿರೋಧಿಸಿದರು, ಅವನ ಪ್ರಾರ್ಥನೆ ಫಲಿಸಲಿಲ್ಲ. ಎಡ್ವರ್ಡ್ ಬುಲ್ಲನು ಸಿಲಿಂಡರನ್ನು ತಲೆಕೆಳಗು ಮಾಡಿ ನೇರವಾಗಿ ಗಣಿಯ ಬಾಯ ಮೇಲೆ ನಿಲ್ಲಿಸಿದ ಯಂತ್ರಗಳನ್ನು ಕಟ್ಟತೊಡಗಿದನು. ತರುಣ ರಿಚರ್ಡ್ ಟ್ರೆವಿಥಿಕನೂ ಅವನೊಡನೆ ಸೇರಿದನು. ಬುಲ್ಲನ ಮೇಲೆ ಹೂಡಿದ ದಾವೆಯಲ್ಲಿ 1795ರಲ್ಲಿ ನಾಲ್ವರು ನ್ಯಾಯಾಧೀಶರು ಪೇಟೆಂಟಿನ ಸಿಂಧುತ್ವದ ಬಗ್ಗೆ ಇಬ್ಬರಿಗಿಬ್ಬರಾಗಿ ಭಿನ್ನಾಭಿಪ್ರಾಯ ತಳೆದರು. ಈ ಸುದ್ದಿ ಕಾರ್ನ್‌ವಾಲಿಗೆ ತಲಪಿದಾಗ ಗಣಿಯವರು ಏನು ಮಾಡಿದರೆಂಬುದನ್ನು ಊಹಿಸುವುದು ಕಷ್ಟವಲ್ಲ: ಅನೇಕರು ಹಣ ಕೊಡುವುದನ್ನು ನಿಲ್ಲಿಸಿದರು. ಕೊನೆಗೆ 1799ರ ಜನವರಿಯಲ್ಲಿ, ಹಾರ್ನ್‌ಬ್ಲೋವರ್ ಮತ್ತು ಮೇಬರ್ಲಿಯವರ ಮೊಕದ್ದಮೆಯಲ್ಲಿ, ಕಿಂಗ್ಸ್ ಬೆಂಚ್ ನ್ಯಾಯಾಲಯವು ವಾಟನ ಪರವಾಗಿ ತೀರ್ಪಿತ್ತಿತು. ಪೇಟೆಂಟಿನ ಆಯುಸ್ಸು ಆಗ ಎರಡು ವರ್ಷವೂ ಉಳಿದಿರಲಿಲ್ಲ. ಹಳೆಯ ಬಾಕಿಗಳ ವಸೂಲಿಗೆ ಮಾತ್ರ ದಾರಿಯಾಯಿತು.

ವ್ಯಾಜ್ಯದ ಕಾಲದಲ್ಲಿಯೇ, 1798ರಲ್ಲಿ, ಮುಂದೆ ಡೇವಿಸ್ ಗಿಲ್ಬರ್ಟ್ ಎಂಬ ಹೆಸರಿನಿಂದ ಪ್ರಸಿದ್ಧನಾದ ವಿದ್ವಾಂಸನು ಇನ್ನೊಬ್ಬ ಅನುಭವಿಯೊಡನೆ ಕಾರ್ನ್‌ವಾಲಿನ ಯಂತ್ರಗಳನ್ನು ಪರೀಕ್ಷಿಸಿದನು. ಸರಾಸರಿ ದುಡಿಮೆ ಸುಮಾರು 170 ಲಕ್ಷವೆಂದೂ ಹರ್ಲಂಡ್ ಗಣಿಯ ಯಂತ್ರವೊಂದರದು 270 ಲಕ್ಷವೆಂದೂ ತಿಳಿದುಬಂದಿತು. ಒಂದೇ ತತ್ತ್ವದ, ಒಂದೇ ಸಂಸ್ಥೆಯ ಯಂತ್ರಗಳ ನಡುವೆ ಇಷ್ಟು ಅಂತರವಿತ್ತು. ವಾಟನು ಕಲ್ಪಿಸಿದ್ದು ತತ್ತ್ವವನ್ನು. ದಿನದಿನದ ಉಳಿತಾಯವು ಬಹಳಷ್ಟು ಮಟ್ಟಿಗೆ ಆಯಾ ಗಣಿಯ ಶ್ರದ್ಧೆಯನ್ನು ಅವಲಂಬಿಸಿತ್ತೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

1800ರಲ್ಲಿ ಪೇಟೆಂಟು ಮುಗಿಯಿತು. ಪಾಲುದಾರರ ಕಡೆಯವರು ಹೊರಟುಹೋದರು. ಎಣಿಕೆಯ ಪೆಟ್ಟಿಗೆಗಳು ಅನಾಥವಾದವು. ಕಾಣಿಕೆಯ ಭಾರ ಇಳಿದ ಸಂತೋಷದಲ್ಲಿ ಯಂತ್ರಗಳ ದುಡಿಮೆಯನ್ನು ಅಳೆಯುವ ಅಭ್ಯಾಸವೇ ತಪ್ಪಿತು. ಅಳೆಯುವವರಿಲ್ಲದೆ ದುಡಿಮೆಯೂ ಕುಗ್ಗಿತು. ಹತ್ತು ವರ್ಷಗಳ ಮೇಲೆ ಗಣಿಯವರೇ ಎಚ್ಚೆತ್ತರು. 1811ರಲ್ಲಿ ಜೋಯೆಲ್ ಲೀನ್ ಎಂಬ ಗಣಿಯ ಕಪ್ತಾನನು ಯಂತ್ರಗಳ ಮಾಸಿಕ ವರದಿಯನ್ನು ಹೊರಡಿಸತೊಡಗಿದನು. ಗಣಿಯ ಹೆಸರು, ಸಿಲಿಂಡರಿನ ಅಳತೆ, ಹೊರೆ, ಹೊಡೆತಗಳ ಸಂಖ್ಯೆ, ಸುಟ್ಟ ಇದ್ದಲು, ದುಡಿಮೆ, ಇಂಜಿನಿಯರನ ಹೆಸರು ಇವಿಷ್ಟೂ ಅದರಲ್ಲಿ ಅಚ್ಚಾಗುತ್ತಿದ್ದವು. ಬುಷೆಲನ್ನು 94 ಪೌಂಡೆಂದು ಹಿಡಿಯಲಾಯಿತು. ಇಲ್ಲಿಯೂ ಬೀಗ ಹಾಕಿದ ಪೆಟ್ಟಿಗೆಯೇ. ಆದರೆ ಅದರೊಳಗಿನ ಅಂಕಿಯು ಈಗ ಹಣದ ಬೇಡಿಕೆಯಲ್ಲ, ಎಲ್ಲರೂ ಓದುವ ಸುದ್ದಿ. ಟ್ರೆವಿಥಿಕನು 1812ರಲ್ಲಿ ವೀಲ್ ಪ್ರಾಸ್ಪರಿನಲ್ಲಿ ನಿಲ್ಲಿಸಿದ ಅಧಿಕ ಒತ್ತಡದ ಯಂತ್ರಕ್ಕೆ ಪೇಟೆಂಟನ್ನೇ ಪಡೆಯಲಿಲ್ಲ. ಆರ್ಥರ್ ವುಲ್ಫ್ ಮೊದಲಾದವರು ಒಬ್ಬರ ಮೇಲೊಬ್ಬರು ಪೈಪೋಟಿಯಿಂದ ಸುಧಾರಣೆಗಳನ್ನು ಮಾಡಿದರು. 1835ರಲ್ಲಿ ಫೋಯ್ ಕನ್ಸೋಲ್ಸ್ ಗಣಿಯ ಯಂತ್ರವೊಂದು ಪರೀಕ್ಷೆಯಲ್ಲಿ 1,250 ಲಕ್ಷದ ದುಡಿಮೆಯನ್ನು ತೋರಿಸಿತು. ಲೀನರ ಪಟ್ಟಿಗೆ ಸೇರುವುದು ಐಚ್ಛಿಕವಾಗಿದ್ದುದರಿಂದ ಒಳ್ಳೆಯ ಯಂತ್ರಗಳೇ ಅದರಲ್ಲಿ ಹೆಚ್ಚಾಗಿ ಕಾಣಿಸಿಕೊಂಡಿರಬಹುದು. ಈ ಎಚ್ಚರವನ್ನು ಇಟ್ಟುಕೊಂಡೂ, ಕರಾರಿನ ಕಾಲದಲ್ಲಿ ಆಗದ ಪ್ರಗತಿಯು ವರದಿಯ ಕಾಲದಲ್ಲಿ ಆಯಿತೆಂಬುದನ್ನು ಅಲ್ಲಗಳೆಯುವಂತಿಲ್ಲ. ಇದಕ್ಕೆ ಪೇಟೆಂಟಿನ ಅಡ್ಡಿ ತೊಲಗಿದುದೇ ಕಾರಣವೋ, ಅಂಕಿಗಳು ಬಯಲಿಗೆ ಬಂದುದು ಕಾರಣವೋ ಎಂಬುದರಲ್ಲಿ ವಿದ್ವಾಂಸರು ಏಕಾಭಿಪ್ರಾಯರಲ್ಲ. ಎರಡನೆಯದಕ್ಕೆ ನಾವು ಹೆಚ್ಚು ತೂಕ ಕೊಡುತ್ತೇವೆ: 1800ರಿಂದ 1811ರ ವರೆಗೆ ಪೇಟೆಂಟಿನ ಅಡ್ಡಿ ಇರಲಿಲ್ಲ, ಪ್ರಗತಿಯೂ ಇರಲಿಲ್ಲ.

ವಾಟನ ಇನ್ನೊಂದು ಬಗೆಯ ಕರಾರಿನ ಮಾತನ್ನೂ ಹೇಳಬೇಕು. 1780ರ ದಶಕದಲ್ಲಿ ಚಕ್ರವನ್ನು ತಿರುಗಿಸುವ ಯಂತ್ರಗಳು ಬಂದಾಗ ಗಿರಣಿಗಳಲ್ಲಿಯೂ ಮದ್ಯದ ಭಟ್ಟಿಗಳಲ್ಲಿಯೂ ಅವು ತೆಗೆದುಹಾಕಿದ್ದು ಹಳೆಯ ಉಗಿಯಂತ್ರವನ್ನಲ್ಲ, ಗಾಣಕ್ಕೆ ಕಟ್ಟಿದ ಕುದುರೆಗಳನ್ನು. ಇದ್ದಲಿನ ಹಳೆಯ ಲೆಕ್ಕವೇ ಇಲ್ಲದೆಡೆ ಉಳಿತಾಯವನ್ನು ಅಳೆಯುವುದು ಹೇಗೆ? ಆಗ ವಾಟನು ಒಂದು ಕುದುರೆಯ ಕೆಲಸವನ್ನು ನಿಮಿಷಕ್ಕೆ 33,000 ಪೌಂಡನ್ನು ಒಂದು ಅಡಿ ಎತ್ತುವಷ್ಟೆಂದು ಗೊತ್ತುಮಾಡಿ, ಲಂಡನ್ನಿನಲ್ಲಿ ವರ್ಷಕ್ಕೆ ಅಶ್ವಶಕ್ತಿಯೊಂದಕ್ಕೆ 6 ಪೌಂಡು, ಹೊರಗಡೆ 5 ಪೌಂಡು ಎಂದು ದರವನ್ನು ಇಟ್ಟನು. ಇಂದು ಮೋಟಾರಿನ ಮೇಲೆ ನಾವು ಓದುವ ಅಶ್ವಶಕ್ತಿಯೆಂಬ ಮಾನವು ಹೀಗೆ ಕರಾರಿನ ತೊಡಕಿನಿಂದ ಹುಟ್ಟಿದುದು.

ಈ ಎರಡು ಎಳೆಗಳೂ ನಮ್ಮ ನಾಡಿನವರೆಗೆ ಬಂದು ಮುಟ್ಟುತ್ತವೆ. 1819ರಿಂದ ಕಾರ್ನ್‌ವಾಲಿನ ಗ್ವೆನಪ್ಪಿನ ಕನ್ಸಾಲಿಡೇಟೆಡ್ ಗಣಿಗಳನ್ನು ವುಲ್ಫನ ಯಂತ್ರಗಳ ನೆರವಿನಿಂದ ನಡೆಸಿದ ಜಾನ್ ಟೇಲರನ ವಂಶದವರ ಸಂಸ್ಥೆಯೇ 1880ರಿಂದ ಕೋಲಾರದ ಚಿನ್ನದ ಗಣಿಗಳ ಆಡಳಿತವನ್ನು ವಹಿಸಿಕೊಂಡಿತು. ಕಾರ್ನ್‌ವಾಲಿನ ಗಣಿಗಾರರೂ ಅಲ್ಲಿಗೆ ಬಂದರು. ಕೋಲಾರದಲ್ಲಿಯೂ ಉಗಿಗೆ ಬೇಕಾದ ಇಂಧನವು ದೂರದಿಂದ ಬರಬೇಕಾಗಿತ್ತು. ಮೈಸೂರು ಸರ್ಕಾರವು ಶಿವನಸಮುದ್ರದಲ್ಲಿ ಕಾವೇರಿಯಿಂದ ವಿದ್ಯುತ್ತನ್ನು ಉತ್ಪಾದಿಸಿ, ಸುಮಾರು 92 ಮೈಲಿ ದೂರದ ಗಣಿಗಳಿಗೆ 1902ರ ಜೂನಿನಿಂದ ಒದಗಿಸತೊಡಗಿದಾಗ, ಗಣಿಗಳೊಡನೆ ಆದ ಒಡಂಬಡಿಕೆಯು ವರ್ಷಕ್ಕೆ ಅಶ್ವಶಕ್ತಿಯೊಂದಕ್ಕೆ ಇಷ್ಟೆಂಬ ದರದ ಮೇಲೆಯೇ ನಿಂತಿತ್ತು.

ಇದರಲ್ಲಿ ಆಧಾರಮಾನದ ಮಾತೇ ಇರಲಿಲ್ಲ. ಉಗಿಯನ್ನು ಬಿಟ್ಟುದರಿಂದ ಗಣಿಗೆ ಉಳಿದುದೆಷ್ಟು ಎಂದು ಸರ್ಕಾರವು ಕೇಳಬೇಕಾಗಿರಲಿಲ್ಲ. ಉಳಿತಾಯವೆಲ್ಲ ಗಣಿಯದು, ದರವೆಲ್ಲ ಸರ್ಕಾರದ್ದು. ಪೋಲ್ಡೈಸಿನ ಬಗೆಯ ವಿವಾದಕ್ಕೆ ಇಲ್ಲಿ ಎಡೆಯಿಲ್ಲ. ಆದರೆ ನಷ್ಟಸಂಭವವು ಇಲ್ಲಿಯೂ ಬೇರೊಂದು ಮೂಲೆಯಲ್ಲಿ ಕುಳಿತಿತ್ತು: ಬೇಸಗೆಯಲ್ಲಿ ಕಾವೇರಿಯ ನೀರು ಇಳಿದರೆ ವಿದ್ಯುತ್ತೂ ಇಳಿಯುತ್ತದೆ, ಆಳದ ಗಣಿಯು ನೀರು ಬತ್ತುವುದಕ್ಕಾಗಲಿ ಏರುವುದಕ್ಕಾಗಲಿ ಕಾಯಲಾರದು. ಆ ಹೊಣೆಯನ್ನು ಕರಾರಿನ ಷರತ್ತುಗಳಲ್ಲಿ ತೀರಿಸಲಾಗದೆ ಹೊಳೆಯಲ್ಲಿಯೇ ತೀರಿಸಬೇಕಾಯಿತು. 1911ರಲ್ಲಿ ಕನ್ನಂಬಾಡಿಯಲ್ಲಿ ಅಣೆಕಟ್ಟಿನ ಕೆಲಸವು ಆರಂಭವಾದಾಗ, ಶಿವನಸಮುದ್ರಕ್ಕೆ ವರ್ಷವಿಡೀ ನೀರು ತಪ್ಪದಂತೆ ನೋಡಿಕೊಳ್ಳುವುದು ಅದರ ಮುಖ್ಯ ಉದ್ದೇಶಗಳಲ್ಲಿ ಒಂದಾಗಿತ್ತು.